ಕಂದಾಯ ಕಟ್ಟಿದ ಮೇಲೆ

(ಚಿನಕುರಳಿಯ ಒಂದು ಮನೆ. ಅತ್ತೆ ಕೆ.ಆರ್. ಪೇಟೆ ಕಡೆಗೆ ಮದುವೆಯಾಗಿ ಹೋದವರು, ಅಲ್ಲೊಂದು ಗ್ರಾಮ ಪಂಚಾಯಿತಿಗೆ ಒಂದು ಅವಧಿ ಸದಸ್ಯೆಯಾಗಿದ್ದವರು. ಈಗ ತವರಿಗೆ ಬಂದಿದ್ದಾರೆ. ಅಳಿಯ ಅವರ ಅಣ್ಣನ ಮಗ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಕೆಲಸ, ರಜೆಗೆ ಊರಿಗೆ ಬಂದಿದ್ದಾನೆ.)

ಅಳಿಯ: ಅಪ್ಪನ ಟ್ರಂಕಿನಲ್ಲಿ ಮನೆ ಕಂದಾಯದ ಹಳೇ ರಸೀದಿ ಸಿಕ್ತು ಅತ್ತೆ. ಇದರಲ್ಲಿ ಭಿಕ್ಷುಕರ ಕರ ಅಂತ ಒಂದು ಕಾಲಂ ಇದೆಯಲ್ಲ, ನಿಜವಾ?

ಅತ್ತೆ: ನಿಜ ಕಣಪ್ಪ. 1975ರಲ್ಲಿ ಭಿಕ್ಷಾಟನೆ ನಿಷೇಧ ಕಾಯಿದೆ ಬಂತು, ಅದರ ಹಿಂದೇನೇ ಈ ಸೆಸ್ಸೂ ಬಂತು. ಪೂರ್ತಿ ಓದು. ಕಂದಾಯ ನೂರು ರೂಪಾಯಿ ಇದ್ರೆ ಅದರ ಮೇಲೆ ಆರೋಗ್ಯಕ್ಕೆ 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3. ಐನೂರು ರೂಪಾಯಿ ಕಂದಾಯದ ಮನೆ 170 ರೂಪಾಯಿ ಸೆಸ್ ಕಟ್ತದೆ. ನೀರಿನ ಕರ ಬೇರೆ.

ಅಳಿಯ: ಅಂದ್ರೆ ಅಪ್ಪ ಇಷ್ಟು ವರ್ಷ ಲೈಬ್ರರಿಗೆ ದುಡ್ಡು ಕೊಟ್ಟಿದ್ದಾರೆ! ಒಂದಿನ ಒಳಗೆ ಹೋಗಿದ್ದು ನೋಡಿಲ್ಲ ನಾನು.

ಅತ್ತೆ: ಯಾವುದಕ್ಕೆ ಕೊಡ್ತಿದ್ದೀನಿ ಅಂತ ಗೊತ್ತಿದ್ರೆ ತಾನೆ ಹೋಗೋದು? ಬಿಲ್ ಕಲೆಕ್ಟರ್ ಬರ್ತಾನೆ, ಒಟ್ಟು ಮೊತ್ತ ಹೇಳ್ತಾನೆ. ಬೇರೆ ಕಡೆ ಹೋಗಬೇಕಾದ ಸೆಸ್ಸನ್ನ ವಸೂಲಿ ಮಾಡಿದೋರು ತಮ್ಮಲ್ಲೇ ಇಟ್ಕೊಂಡ ಉದಾಹರಣೆ ಬೇಕಾದಷ್ಟಿದೆ. ಬೆಂಗಳೂರು ಪಾಲಿಕೆ ಗ್ರಂಥಾಲಯ ಇಲಾಖೆಗೆ ಕೊಡಬೇಕಾದ ಸೆಸ್ಸು ನೂರಾರು ಕೋಟಿ ಬಾಕಿ ಅಂತ ಎಷ್ಟು ಸಲ ಪೇಪರಲ್ಲಿ ಬಂದಿಲ್ಲ? ಇನ್ನು ನಮ್ಮ ಹಳ್ಳಿ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆ ಕೈಗೆ ಬಂದ್ವು. ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಬಂತು. ನಿಮ್ಮಪ್ಪ ಐನೂರಕ್ಕೆ ಲೈಬ್ರರಿಗೆ ಅಂತ ಕಟ್ಟಿದ ಮೂವತ್ತು ರೂಪಾಯಿ ಏನಾಯ್ತು ಅಂತ ಕೇಳೋಕೆ ಈಗ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಅಳಿಯ: ನಮ್ಮ ಸಾಂಟಾ ಕ್ಲಾರಾದಲ್ಲಿ ಇದಕ್ಕೆ ಬೇರೆ ಏರ್ಪಾಡಿದೆ. 2016ರ ನವೆಂಬರಿನಲ್ಲಿ ಕೌಂಟಿಯ ಬ್ಯಾಲಟ್ ಮೇಲೆ ‘ಮೆಷರ್ ಬಿ’ ಅಂತ ಒಂದು ಪ್ರಶ್ನೆ ಹಾಕಿದ್ರು. ಅಂಗಡಿಯಲ್ಲಿ ನೂರು ಡಾಲರಿನ ಸಾಮಾನು ತಗೊಂಡ್ರೆ ಐವತ್ತು ಸೆಂಟ್ ಹೆಚ್ಚುವರಿ ಮಾರಾಟ ತೆರಿಗೆ, ಮೂವತ್ತು ವರ್ಷಕ್ಕೆ. ರಸ್ತೆ, ರೈಲು, ಸೈಕಲ್ ದಾರಿ, ಯಾವುದಕ್ಕೆ ಎಷ್ಟು ಅಂತ ಮೊದಲೇ ಬರೆದಿತ್ತು. ಇಂಥ ಗೊತ್ತುಪಡಿಸಿದ ಉದ್ದೇಶದ ತೆರಿಗೆಗೆ ಅಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, 1978ರಿಂದ ಇರೋ ನಿಯಮ. ಹತ್ತಿರ ಹತ್ತಿರ ಶೇಕಡಾ 72 ಜನ ಹೂಂ ಅಂದ್ರು. ಅದರ ಜೊತೆಗೇ ನಾಗರಿಕರ ಉಸ್ತುವಾರಿ ಸಮಿತಿ. ಅವರು ವರ್ಷಕ್ಕೊಂದು ಆಡಿಟ್ ಮಾಡಿಸಬೇಕು, ಸಾರ್ವಜನಿಕರನ್ನ ಕರೆದು ಅಹವಾಲು ಕೇಳಬೇಕು, ವರದಿ ಕೊಡಬೇಕು. ಕೇಳಿ, ಒಪ್ಪಿಸಿ, ಆಮೇಲೆ ತೆರಿಗೆ. ನಮ್ಮಲ್ಲಿ ಯಾರು ಕೇಳ್ತಾರೆ?

ಅತ್ತೆ: ಚೆನ್ನಾಗಿದೆ. ನೀನು ಹೂಂ ಅಂದ್ಯೋ ಊಹೂಂ ಅಂದ್ಯೋ?

ಅಳಿಯ: ನನಗೆಲ್ಲಿ ವೋಟು? ಗ್ರೀನ್ ಕಾರ್ಡೇ ಬಂದಿಲ್ಲ ಇನ್ನೂ.

ಅತ್ತೆ: ಮತ್ತೆ ತೆರಿಗೆ?

ಅಳಿಯ: ಅದು ದಿನಾ ಕಟ್ತೀನಿ. ಮಗು ಆಟಿಕೆಯಿಂದ ಹಿಡಿದು ಟಯರ್‌ವರೆಗೆ.

ಅತ್ತೆ: ಹಂಗಾದ್ರೆ ನೀನು ನಮ್ಮ ಸಂತೆ ಸೊಪ್ಪಿನೋಳ ಥರ ಆದೆ ಬುಡು. ಹೇಳ್ತೀನಿ ಕೇಳು. ಪಂಚಾಯತ್ ರಾಜ್ ಕಾಯಿದೆಯ 199ನೇ ಪ್ರಕರಣ ಓದು. ಮನೆ ಕಂದಾಯ ಇರಲಿ, ಅದರಾಚೆಗೆ ಗ್ರಾಮ ಪಂಚಾಯಿತಿ ಜಾತ್ರೆಗೆ ಬರೋರ ಮೇಲೆ ಯಾತ್ರಿಕರ ಶುಲ್ಕ ಹಾಕಬಹುದು, ಸಂತೆಗೆ ಸಾಮಾನು ತಂದು ಮಾರೋರ ಮೇಲೆ ಮಾರುಕಟ್ಟೆ ಶುಲ್ಕ ಹಾಕಬಹುದು, ಮಾರೋಕೆ ತಂದ ದನ ನೋಂದಾಯಿಸೋಕೆ ಶುಲ್ಕ, ಗೋಮಾಳದಲ್ಲಿ ದನ ಮೇಯಿಸೋಕೆ ಶುಲ್ಕ. ಜಿಎಸ್‌ಟಿ ಬಂದು ಎಲ್ಲಾನೂ ನುಂಗಿತು ಅಂತೀರಲ್ಲ, ಇವು ಉಳ್ಕೊಂಡ್ವು. ಮನರಂಜನೆ ತೆರಿಗೆನೂ ಪಂಚಾಯಿತಿ ಹಾಕಿದ್ರೆ ಹಾಕಬಹುದು ಅಂತ 2016ರ ಸಂವಿಧಾನ ತಿದ್ದುಪಡಿನೇ ಬಿಟ್ಟುಕೊಟ್ಟಿದೆ. ನಿನ್ನ ‘ಸ್ಥಳೀಯ ಮಾರಾಟ ತೆರಿಗೆ’ ಅನ್ನೋದು ಈ ಕಡೆ ಎಲ್ಲಾದ್ರೂ ಇದ್ರೆ ಅದು ಸಂತೆಮಾಳದಲ್ಲಿ. ಅದನ್ನ ಎತ್ತೋದು ಹೆಂಗೆ ಗೊತ್ತಾ?

ಅಳಿಯ: ಹರಾಜು. ಚಿಕ್ಕವನಿದ್ದಾಗ ನೋಡಿದ್ದೀನಿ, ಕೂಗ್ತಿದ್ರು.

ಅತ್ತೆ: ವರ್ಷಕ್ಕೊಂದು ಹರಾಜು. ಠೇವಣಿ ಕಟ್ಟಿದೋರು ಕೂಗ್ತಾರೆ. ಜಾಸ್ತಿ ಕೂಗಿದೋನಿಗೆ ಸುಂಕ ಎತ್ತೋ ಹಕ್ಕು. ಕುಕ್ಕೆಗಿಷ್ಟು, ಮೂಟೆಗಿಷ್ಟು, ಕುರಿಗಿಷ್ಟು, ಜೋಡೆತ್ತಿಗಿಷ್ಟು ಅಂತ ಪಂಚಾಯಿತಿ ದರ ಗೊತ್ತು ಮಾಡುತ್ತೆ. ಆ ದರದ ಪಟ್ಟಿ ಸಂತೆ ಬಾಗಿಲಲ್ಲಿ ಎಲ್ಲರ ಕಣ್ಣಿಗೆ ಬೀಳೋ ಹಂಗೆ ಇರಬೇಕು. ಪಟ್ಟಿ ಇಲ್ಲದ ಕಡೆ ಕಂಟ್ರಾಕ್ಟರ್ ಹುಡುಗ ಹೇಳಿದ್ದೇ ದರ. ನಾನು ಸದಸ್ಯೆಯಾಗಿದ್ದಾಗ ಒಂದು ಸಂತೆ ದಿನ ಸುಮ್ಮನೆ ಸೊಪ್ಪಿನೋರ ಸಾಲಿನಲ್ಲಿ ಕೂತಿದ್ದೆ. ನಾಗಮಂಗಲ ಕಡೆಯಿಂದ ಬಂದಿದ್ದ ಹೆಂಗಸು, ಎರಡು ಕುಕ್ಕೆ ಕೊತ್ತಂಬರಿ, ಒಂದು ಕುಕ್ಕೆ ಸಬ್ಬಸಿಗೆ. ಇನ್ನೂ ಬೋಣಿನೇ ಆಗಿಲ್ಲ, ಹುಡುಗ ಬಂದು ನಿಂತ. ಆಮೇಲೆ ಕೊಡ್ತೀನಿ ಅಂದ್ಲು. ಒಂದು ಕಟ್ಟು ಸೊಪ್ಪು ಎತ್ತಿ ಚೀಲಕ್ಕೆ ಹಾಕ್ಕೊಂಡ, ಚೀಟಿ ಇಲ್ಲ ಏನಿಲ್ಲ. ಮಧ್ಯಾಹ್ನ ಮತ್ತೆ ಬಂದು ದುಡ್ಡೂ ಇಸ್ಕೊಂಡ. ಆ ಸೊಪ್ಪಿನ ಕಟ್ಟು ಯಾವ ವಹಿಯಲ್ಲಿ ಜಮಾ ಆಯ್ತು? ಅವಳಾದ್ರೂ ಯಾರನ್ನ ಕೇಳಬೇಕು? ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ್ರೆ ಏನು ಬಂತು?

ಅಳಿಯ: ಗ್ರಾಮಸಭೆಯಲ್ಲಿ ಕೇಳಬಹುದಲ್ಲ?

ಅತ್ತೆ: ಅವಳು ಆ ಊರಿನ ಮತದಾರಳಲ್ಲಪ್ಪ. ಗ್ರಾಮಸಭೆ ಅಂದ್ರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದೋರು. ಸಂತೆ ಸುಂಕ ಕೊಡೋರು ಹೊರಗಿನೋರು, ಅದರಿಂದ ಚರಂಡಿ ಕಟ್ಟಿಸ್ಕೊಳ್ಳೋರು ಒಳಗಿನೋರು. ನಮ್ಮ ಚಿನಕುರಳಿ ಇರೋದು ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗೋ ರಸ್ತೆಯಲ್ಲಿ. ಆ ಕಡೆ ನಾಗಮಂಗಲ, ಈ ಕಡೆ ಶ್ರೀರಂಗಪಟ್ಟಣ. ಇಲ್ಲಿ ಬೆಳೆದದ್ದು ಅಲ್ಲಿ ಮಾರ್ತಾರೆ, ಅಲ್ಲಿಯದು ಇಲ್ಲಿಗೆ ಬರ್ತದೆ. ಶಿವರಾತ್ರಿ ಹೊತ್ತಿಗೆ ಬೇಬಿ ಬೆಟ್ಟದ ದನಗಳ ಜಾತ್ರೆಗೆ ಎತ್ತು ಹೊಡ್ಕೊಂಡು ಬರೋರು ಎಲ್ಲೆಲ್ಲಿಯೋರು! ವ್ಯಾಪಾರದ ಮೇಲೆ ತೆರಿಗೆ ಹಾಕಿದ್ರೆ ಕೊಡೋನೂ ವೋಟು ಹಾಕೋನೂ ಒಬ್ಬನೇ ಆಗಿರೋದಿಲ್ಲ. ನಿಮ್ಮ ಅಮೆರಿಕದಲ್ಲೂ ಅಷ್ಟೇ ಅಂತ ನೀನೇ ಹೇಳಿದೆ.

ಅಳಿಯ: ಒಪ್ಪಿದೆ. ಆದ್ರೂ ಒಂದು ವ್ಯತ್ಯಾಸ ಇದೆ. ವೋಟಿಲ್ಲದ ನಾನೂ ಆ ಸಮಿತಿಯ ಸಭೆಗೆ ಹೋಗಿ ಮಾತಾಡಬಹುದು. ವರದಿ ಎಲ್ಲರಿಗೂ ಸಿಗುತ್ತೆ.

ಅತ್ತೆ: ಹೋಗಿದ್ಯಾ?

ಅಳಿಯ: ಇಲ್ಲ.

ಅತ್ತೆ: ಸರಿ, ಮುಂದೆ ಹೇಳು.

ಅಳಿಯ: ನನಗೆ ಅರ್ಥ ಆಗದೇ ಇರೋದು ಇದು. ಮಂಡ್ಯ ಜಿಲ್ಲೆ ಅಂದ್ರೆ ಚಳವಳಿಯ ಜಿಲ್ಲೆ. ರೈತ ಸಂಘದ ಕ್ಯಾತನಹಳ್ಳಿ ಪುಟ್ಟಣ್ಣಯ್ಯನೋರ ತಾಲ್ಲೂಕು ಇದು. ಹಸಿರು ಟವಲ್ ಹಾಕ್ಕೊಂಡು ಹೆದ್ದಾರಿ ತಡೆಯೋ ಜನ ಪಂಚಾಯಿತಿ ಲೆಕ್ಕ ಓದುವಾಗ ಯಾಕೆ ಟೀ ಕುಡಿದು ಎದ್ದು ಹೋಗ್ತಾರೆ?

ಅತ್ತೆ: ಅದಕ್ಕೆ ಕಾರಣ ಆ ಚಳವಳಿಯಲ್ಲೇ ಇದೆ ಅನ್ಸುತ್ತೆ ನನಗೆ. ನಮ್ಮ ತಾತನ ಕಾಲ ತಗೋ. 1930ರ ದಶಕದಲ್ಲಿ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ ಅಂತೀವಲ್ಲ, ಅದರ ನೀರು ಬಂದ ಹೊಸದರಲ್ಲಿ ಜಮೀನಿನ ಮೇಲೆ ಹಾಕಿದ ಹಣದ ವಿಚಾರಕ್ಕೆ ಮಂಡ್ಯದ ರೈತರು ಎದ್ದರು. ಇಂಡುವಾಳು ಹೊನ್ನಯ್ಯನೋರ ಹೆಸರು ಈಗಲೂ ಹೇಳ್ತಾರೆ. ಆಮೇಲೆ 1980ರ ಜುಲೈ 21, ನರಗುಂದ, ನವಲಗುಂದ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರು ಸರಿಯಾಗಿ ಬರದೇ ಇದ್ರೂ ಬೆಟರ್‌ಮೆಂಟ್ ಲೆವಿ ಕಟ್ಟಿ ಅಂದ್ರು, ಗೋಲಿಬಾರ್ ಆಯ್ತು, ರೈತರು ಸತ್ತರು. ಅದೇ ವರ್ಷ ರೈತ ಸಂಘ ಹುಟ್ತು. ನೀನು ಹುಟ್ಟೋಕೆ ಮುಂಚೆ ಈ ಕಡೆ ಊರ ಬಾಗಿಲಲ್ಲಿ ಬೋರ್ಡು ಇರ್ತಿತ್ತು: ಸಾಲ, ಕಂದಾಯ ವಸೂಲಿಗೆ ಬರೋ ಅಧಿಕಾರಿಗಳು ಅಪ್ಪಣೆ ಇಲ್ದೆ ಊರೊಳಗೆ ಬರಬೇಡಿ ಅಂತ. ನಮ್ಮ ಜನಕ್ಕೆ ಆಳೋರ ಮೇಲೆ ಹಿಡಿತ ಅಂದ್ರೆ ಅದು. ಕೊಡೋಲ್ಲ ಅನ್ನೋದು ನಮಗೆ ಚೆನ್ನಾಗಿ ಗೊತ್ತು. ಕೊಟ್ಟು, ರಸೀದಿ ಇಟ್ಕೊಂಡು, ಮುಂದಿನ ವರ್ಷ ಬಂದು ‘ಎಲ್ಲಿ ಹೋಯ್ತು’ ಅನ್ನೋದನ್ನ ಯಾರೂ ಕಲಿಸಲಿಲ್ಲ. ಅದರಲ್ಲಿ ಘೋಷಣೆ ಕೂಗೋಕೆ ಏನೂ ಇಲ್ಲವಲ್ಲ!

ಅಳಿಯ: ಸಂಘದವರು ಕೇಳಿದ್ರೆ ಬೇಜಾರು ಮಾಡ್ಕೋತಾರೆ.

ಅತ್ತೆ: ಮಾಡ್ಕೊಳ್ಳಲಿ, ನಾನೂ ಆ ಟವಲ್ ಹಾಕಿದೋಳೇ. ಅವತ್ತು ಅದು ಸರಿಯಾಗೇ ಇತ್ತು. ನೀರು ಕೊಡದೆ ನೀರಿನ ದುಡ್ಡು ಕೇಳಿದ್ರೆ ಇನ್ನೇನು ಮಾಡಬೇಕು? ಪಂಚಾಯಿತಿ ವಿಷಯ ಬೇರೆ. ಅಲ್ಲಿ ಕೊಡದೇ ಇರೋನು ಕೇಳೋಕೂ ಹೋಗೋಲ್ಲ, ಬಾಕಿ ಎಷ್ಟು ಅಂತ ತಿರುಗಿಸಿ ಕೇಳ್ತಾರೆ ಅಂತ ಭಯ. ಪಂಚಾಯಿತಿ ನಡೆಸೋ ಅಧಿಕಾರಿ ಪಿಡಿಒಗೂ ಅದೇ ಅನುಕೂಲ. ಬಾಕಿ ಉಳಿಸ್ಕೊಂಡೋರು ಸಭೆಯಲ್ಲಿ ಬಾಯಿ ಬಿಡೋಲ್ಲ. ಇನ್ನೊಂದು ಏನಂದ್ರೆ, ಪಂಚಾಯಿತಿಗೆ ಬರೋ ದೊಡ್ಡ ದುಡ್ಡು ನಮ್ಮ ಜೇಬಿಂದ ಹೋದದ್ದು ಅಂತ ನಮಗೆ ಅನ್ನಿಸೋದೇ ಇಲ್ಲ. 2021ರಿಂದ 26ರವರೆಗೆ ‘15ನೇ ಹಣಕಾಸು’ ಅಂತಿದ್ರು, ಹಣಕಾಸು ಆಯೋಗದ ದುಡ್ಡು, ಅದರಲ್ಲಿ ನೂರಕ್ಕೆ 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿ ಕಳಿಸ್ತಿದ್ರು, ಉಳಿದ 40ಕ್ಕೆ ಆ ಕಟ್ಟಿರಲಿಲ್ಲ. ರಾಜ್ಯದ ಅನುದಾನ ಬೀದಿ ದೀಪದ, ಪಂಪಿನ ಕರೆಂಟ್ ಬಿಲ್ಲಿಗೆ. ಬೆಂಕಿಪೊಟ್ಟಣ ಕೊಂಡ್ರೂ ನಾವು ಜಿಎಸ್‌ಟಿ ಕೊಡ್ತೀವಿ, ಅದೇ ದುಡ್ಡು ದಿಲ್ಲಿಗೆ ಹೋಗಿ ಸುತ್ತಿ ಬರೋದು. ಆದ್ರೆ ವಾಪಸ್ ಬರುವಾಗ ಅದಕ್ಕೆ ‘ಅನುದಾನ’ ಅಂತ ಹೆಸರು. ದಾನ ಬಂದ ಮೇಲೆ ಲೆಕ್ಕ ಯಾರು ಕೇಳ್ತಾರೆ?

ಅಳಿಯ: ಅದಕ್ಕೇ ನಾನು ಹೇಳೋದು, ಸಣ್ಣ ಸಮಿತಿ ಬೇಕು. ಏಳೆಂಟು ಜನ, ಹೆಸರು ಹಿಡಿದು. ಎಲ್ಲರದೂ ಜವಾಬ್ದಾರಿ ಅಂದ್ರೆ ಯಾರದೂ ಅಲ್ಲ.

ಅತ್ತೆ: ಸಮಿತಿಗೇನು ಬರವಾ? ಪ್ರತಿಯೊಂದಕ್ಕೂ ಸಮಿತಿ ಇದೆ, ಅದಕ್ಕೆ ಸಹಿ ಹಾಕೋರೂ ಇದ್ದಾರೆ. ಕಾಯಿದೆಯೇ ಇಡೀ ಊರನ್ನ ಸಮಿತಿ ಮಾಡಿಟ್ಟಿದೆ. ಆರು ತಿಂಗಳಿಗೊಂದು ಗ್ರಾಮಸಭೆ ಆಗಲೇಬೇಕು. ಮತದಾರರಲ್ಲಿ ಹತ್ತನೇ ಒಂದು ಪಾಲು ಇಲ್ಲಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಕೋರಂ. ಅದರ ಜೊತೆಗೆ ಜಮಾಬಂದಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಮೇಲಿನ ಅಧಿಕಾರಿ ಬಂದು, ಮಾರ್ಚ್ 31ಕ್ಕೆ ಮುಗಿದ ವರ್ಷದ ಜಮಾ ಖರ್ಚನ್ನ ಊರಿನ ಮುಂದೆ ಇಟ್ಟು, ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡಬೇಕು. ನಿನ್ನ ಸಾಂಟಾ ಕ್ಲಾರಾ ಸಮಿತಿಗೆ ಇರೋದಕ್ಕಿಂತ ಹೆಚ್ಚಿನ ಹಕ್ಕು ಕಾಗದದಲ್ಲಿ ಇದೆ.

ಅಳಿಯ: ಕಾಗದದಲ್ಲಿ.

ಅತ್ತೆ: ಹೂಂ, ಕಾಗದದಲ್ಲಿ. ಆಗೋದು ಏನು ಅಂದ್ರೆ, ಶಾಮಿಯಾನ, ಮೈಕು, ನಾಡಗೀತೆ, ಹಾರ. ಖರ್ಚಿನ ಪಟ್ಟಿಯನ್ನ ಒಂದೇ ಉಸಿರಿಗೆ ಓದ್ತಾರೆ. ಅಷ್ಟರಲ್ಲಿ ಯಾರೋ ಎದ್ದು ‘ನಮ್ಮ ಬೀದಿಗೆ ನೀರು ಬರ್ತಿಲ್ಲ’ ಅಂತಾರೆ, ಇನ್ಯಾರೋ ‘ಮನೆ ಕೊಟ್ಟಿಲ್ಲ’ ಅಂತಾರೆ, ಗಲಾಟೆಯಾಗಿ ಲೆಕ್ಕ ಅಲ್ಲಿಗೇ ನಿಲ್ತದೆ. ಹಾಜರಿ ಪುಸ್ತಕದಲ್ಲಿ ಕೋರಂ ಕಮ್ಮಿ ಬಿದ್ರೆ ಮಾರನೇ ದಿನ ಪುಸ್ತಕ ಮನೆ ಮನೆಗೂ ಹೋಗ್ತದೆ. ಯಾವ ಪಂಚಾಯಿತಿ ಅಂತ ಕೇಳಬೇಡ.

ಅಳಿಯ: ಕೇಳೋಲ್ಲ. ಆದ್ರೆ ನೀವಿದ್ದಾಗ ಒಂದು ಸಲನಾದ್ರೂ ಸರಿಯಾಗಿ ನಡೀಲಿಲ್ವಾ?

ಅತ್ತೆ: ಒಂದು ಸಲ ನಡೀತು, ಅದೂ ನನ್ನಿಂದ ಅಲ್ಲ. ಒಬ್ಬ ಮುದುಕಿ ಜಮಾಬಂದಿಗೆ ಬಂದಿತ್ತು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು. ಡಿಸಿಬಿ ವಹಿ ಅಂತ ಇರ್ತದೆ, ಬೇಡಿಕೆ, ವಸೂಲಿ, ಬಾಕಿ. ಅದರಲ್ಲಿ ಅವಳ ಮನೆ ಎದುರಿಗೆ ಮೂರು ವರ್ಷದ ಬಾಕಿ ಅಂತ ಓದಿದ್ರು. ಅವಳು ಏನೂ ಮಾತಾಡಲಿಲ್ಲ. ಕವರು ಬಿಚ್ಚಿದ್ಲು, ಅರಿಶಿನದ ಕಲೆ ಹತ್ತಿದ್ದ ಮೂರು ರಸೀದಿ ತೆಗೆದು ಟೇಬಲ್ ಮೇಲೆ ಇಟ್ಲು, ಮೇಲೆ ಹಾರದ ಹೂವಿನ ದಂಡೆ ಇಟ್ಟು ಗಾಳಿಗೆ ಹಾರದ ಹಾಗೆ ಮಾಡಿದ್ಲು. ಅಧಿಕಾರಿ ರಸೀದಿ ನಂಬರು ನೋಡ್ತಾರೆ, ಆ ರಸೀದಿ ಪುಸ್ತಕವೇ ಸ್ಟಾಕ್ ವಹಿಯಲ್ಲಿ ಇಲ್ಲ. ದುಡ್ಡು ಇಸ್ಕೊಂಡಿದ್ದಾರೆ, ಚೀಟಿ ಕೊಟ್ಟಿದ್ದಾರೆ, ಪಂಚಾಯಿತಿ ಖಾತೆಗೆ ಬಂದೇ ಇಲ್ಲ. ಆಮೇಲೆ ನೋಡು, ಜನ ಎದ್ದು ಮನೆಗೆ ಓಡಿದ್ರು, ಲೆಕ್ಕ ಬಿಟ್ಟು ಹೋದ್ರು ಅಂದ್ಕೊಂಡ್ರೆ ಎಲ್ಲರೂ ರಸೀದಿ ತರೋಕೆ ಹೋಗಿದ್ರು.

ಅಳಿಯ: ಆಡಿಟ್‌ನೋರು ಇದನ್ನ ಹಿಡಿದಿರಲಿಲ್ವಾ?

ಅತ್ತೆ: ಹೆಂಗೆ ಹಿಡೀತಾರೆ? ಆಡಿಟರ್ ಮುಂದೆ ಇರೋದು ವೋಚರು, ಬಿಲ್ಲು, ಅಳತೆ ಪುಸ್ತಕ. ಬರೆದದ್ದನ್ನ ತಾಳೆ ನೋಡ್ತಾನೆ. ವಹಿಗೇ ಹತ್ತದ ದುಡ್ಡು ಅವನ ಕಣ್ಣಿಗೆ ಬೀಳೋ ಹಂಗೇ ಇಲ್ಲ. ಖರ್ಚಿನ ಕಳ್ಳತನಕ್ಕೆ ಆಡಿಟರ್ ಸಾಕು, ಜಮೆಯ ಕಳ್ಳತನ ಹಿಡಿಯೋಕೆ ಕೊಟ್ಟೋನೇ ರಸೀದಿ ಹಿಡ್ಕೊಂಡು ಬರಬೇಕು. ಇದನ್ನ ನೀನು ಹೇಳೋ ಏಳೆಂಟು ಜನದ ಸಮಿತಿ ಮಾಡೋಕಾಗೋಲ್ಲ. ನಿಮ್ಮಲ್ಲಿ ಅಂಗಡಿ ಮಿಷನ್ನೇ ತೆರಿಗೆ ಹಿಡ್ಕೊಳ್ಳುತ್ತೆ, ಅದಕ್ಕೇ ಸಮಿತಿ ಬರೀ ಖರ್ಚು ನೋಡಿದ್ರೆ ನಡೀತದೆ.

ಅಳಿಯ: ಖರ್ಚು ನೋಡೋದೂ ಅಷ್ಟು ಸಲೀಸಲ್ಲ ಅತ್ತೆ. ಮೆಷರ್ ಬಿ ಗೆದ್ದ ಮೇಲೆ ದಾವೆ ಬಿತ್ತು, ಎರಡು ವರ್ಷದ ಹತ್ತಿರ ದುಡ್ಡು ಮುಟ್ಟೋ ಹಾಗಿರಲಿಲ್ಲ. ಸ್ಯಾನ್ ಹೋಸೆ ಪೇಟೆಯ ಅಡಿಯಲ್ಲಿ ಬಾರ್ಟ್ ರೈಲಿನ ಸುರಂಗ ಅಂತ ಒಂದು ಕಾಮಗಾರಿ ಆ ಪಟ್ಟಿಯಲ್ಲಿದೆ. ಮೊದಲು 470 ಕೋಟಿ ಡಾಲರ್ ಅಂದಿದ್ದು 2024ರ ಹೊತ್ತಿಗೆ 1,270 ಕೋಟಿಗೆ ಹೋಗಿತ್ತು. ಸಮಿತಿ ಏನು ಮಾಡಬಲ್ಲದು? ಈ ತೆರಿಗೆಯಿಂದ ಆ ಸುರಂಗಕ್ಕೆ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗಬಾರದು ಅಂತ ಬರೆದಿದೆ, ಹೋಗಿಲ್ಲ ಅಂತ ನೋಡಬಹುದು. ಸುರಂಗ ಯಾಕೆ ಇಷ್ಟು ದುಬಾರಿ ಅಂತ ಅವರು ತೀರ್ಪು ಕೊಡೋ ಹಾಗಿಲ್ಲ.

ಅತ್ತೆ: ನೋಡಿದ್ಯಾ? ಆದ್ರೆ ಅದರಲ್ಲಿ ಒಂದು ನಂಗೆ ಹಿಡಿಸ್ತು. ನಾಲ್ಕರಲ್ಲೊಂದು ಪಾಲು ಅಂತ ಮೊದಲೇ ಬರೆದಿಟ್ಟದ್ದು. ಅಳೆಯೋಕೆ ಒಂದು ಗೀಟು ಇದೆ. ನಮ್ಮ ಸೆಸ್ಸಿಗೂ ಆ ಗೀಟು ಇದೆ ಮಾರಾಯ, ನೂರಕ್ಕೆ 6 ಲೈಬ್ರರಿಗೆ ಅಂತ. ಅದನ್ನ ಇಟ್ಕೊಂಡು ಯಾರೂ ಅಳೆಯೋಲ್ಲ ಅಷ್ಟೇ. ಅಳೆಯೋದು ಹೆಂಗೆ ಅಂತ ಕೇಳು. ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಿನ ಸಂಸ್ಥೆ ಇದೆಯಲ್ಲ, ಅಲ್ಲಿ ಸದಸ್ಯರಿಗೆ ತರಬೇತಿ ಕೊಡ್ತಾರೆ. ಅಲ್ಲೇ ನಾನು ರಾಜಸ್ಥಾನದ ಕೋಟ್ ಕಿರಾಣಾ ಅನ್ನೋ ಹಳ್ಳಿ ಕಥೆ ಕೇಳಿದ್ದು. 1994ರಲ್ಲಿ ಅಲ್ಲಿ ಊರವರನ್ನ ಕೂರಿಸಿ, ಕೂಲಿ ಹಾಜರಿ ಪಟ್ಟಿಯ ಹೆಸರು ಒಂದೊಂದೇ ಜೋರಾಗಿ ಓದಿದ್ರಂತೆ. ಭಾಷಣ ಅಲ್ಲ, ಹೆಸರು. ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದು ಅಂಥ ಸಭೆಗಳಿಂದ, 2005ಕ್ಕೆ ಕಾಯಿದೆ ಆಯ್ತು. ಮೊತ್ತ ಓದಿದ್ರೆ ಯಾರಿಗೂ ಏನೂ ಅನ್ಸೋಲ್ಲ. ನಿನ್ನ ಹೆಸರು, ನಿನ್ನ ಮನೆ ನಂಬರು, ನೀನು ಕಟ್ಟಿದ್ದು ಅಂತ ಓದಿದ್ರೆ ಕಿವಿ ನೆಟ್ಟಗಾಗ್ತದೆ.

ಅಳಿಯ: ಹಾಗಾದ್ರೆ ನಿಮ್ಮ ಪ್ರಕಾರ ಜಮಾಬಂದಿಯಲ್ಲಿ ಡಿಸಿಬಿ ವಹಿ ಪೂರ್ತಿ ಓದಬೇಕು.

ಅತ್ತೆ: ಒಂದು ವಾರ ಮುಂಚೆ ಗೋಡೆಗೆ ಅಂಟಿಸಬೇಕು. ವಾರ್ಡಿನ ಪ್ರಕಾರ. ಸಂತೆ ಹರಾಜಿನ ಮೊತ್ತ, ಯಾರ ಹೆಸರಿಗೆ ಹೋಯ್ತು, ಎಷ್ಟು ಕಂತು ಕಟ್ಟಿದ್ದಾನೆ ಅನ್ನೋದೂ ಅಲ್ಲೇ. ಸಂತೆಗೆ ಬಂದ ಸೊಪ್ಪಿನೋಳೂ ನಿಂತು ನೋಡಲಿ, ಅವಳಿಗೆ ವೋಟಿಲ್ಲದೇ ಇದ್ರೂ ಓದೋಕೆ ಯಾರ ಅಪ್ಪಣೆ ಬೇಕು? ಬಾಕಿ ಇದ್ದೋರಿಗೆ ನಾಚಿಕೆ ಆಗ್ತದೆ ಅಂತೀಯ, ಆಗಲಿ. ನಾಚಿಕೆ ಬಿಟ್ಟು ಕಟ್ಟಿದ ಮೇಲೆ ಅವರೇ ಗಟ್ಟಿಯಾಗಿ ಕೇಳೋರು.

ಅಳಿಯ: ಪಿಡಿಒ ಒಪ್ತಾರಾ?

ಅತ್ತೆ: ಒಳ್ಳೇ ಪಿಡಿಒ ಆದ್ರೆ ಖುಷಿಪಡ್ತಾನೆ, ವಸೂಲಿ ಹೆಚ್ಚಾಗ್ತದಲ್ಲ. ಇನ್ನು ಮೇಲೆ ಹೇಳೋಣ ಅಂದ್ರೆ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆನೇ ಇಲ್ಲ. ಆ ಮಟ್ಟದಲ್ಲಿ ಅಧಿಕಾರಿ ಲೆಕ್ಕ ಅಧಿಕಾರಿನೇ ನೋಡ್ಬೇಕು. ಅದಕ್ಕೇ ಕೆಳಗಿಂದ ಶುರು ಮಾಡು ಅನ್ನೋದು.

ಅಳಿಯ: ನಾನಾ? ನನ್ನ ಹೆಸರು ಇಲ್ಲಿಯ ಪಟ್ಟಿಯಲ್ಲೂ ಇಲ್ಲ. ಗ್ರಾಮಸಭೆಗೆ ನಾನು ಯಾರು? ಕಂದಾಯ ಮಾತ್ರ ಫೋನಲ್ಲಿ ಕಟ್ತೀನಿ. ಎರಡೂ ಕಡೆ ಕಟ್ಟೋನು, ಎರಡೂ ಕಡೆ ವೋಟಿಲ್ಲ!

ಅತ್ತೆ: ಪಾಸ್‌ಪೋರ್ಟ್ ಯಾವುದು?

ಅಳಿಯ: ಇಂಡಿಯಾದ್ದೇ. ಹಾಗೆ ನೋಡಿದ್ರೆ ಹೊರದೇಶದಲ್ಲಿರೋ ನಮ್ಮ ಪ್ರಜೆಗಳು ಪಾಸ್‌ಪೋರ್ಟಿನಲ್ಲಿರೋ ಊರಿನ ಮತದಾರರ ಪಟ್ಟಿಗೆ ಸೇರಬಹುದು, 6ಎ ನಮೂನೆ ಅಂತ ಇದೆ. ವೋಟು ಹಾಕೋಕೆ ಮಾತ್ರ ಇಲ್ಲಿಗೇ ಬರಬೇಕು.

ಅತ್ತೆ: ಅದು ಆಮೇಲೆ ಮಾಡ್ಕೋ. ಮಾಹಿತಿ ಹಕ್ಕಿಗೆ ವೋಟು ಬೇಡ, ಪ್ರಜೆ ಆಗಿದ್ರೆ ಸಾಕು. ಬಿಳೀ ಹಾಳೆ ತಗೋ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತಗೋ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, ನೀನಿರೋದು ಎಷ್ಟು ದಿನ?

ಅಳಿಯ: ಅಷ್ಟು ದಿನ ಇರೋಲ್ಲ. ಉತ್ತರ ನಿಮ್ಮ ವಿಳಾಸಕ್ಕೇ ಬರಲಿ. ಬರೀತೀನಿ ನೋಡಿ: ಕಳೆದ ಐದು ವರ್ಷದ ಡಿಸಿಬಿ ವಹಿ, ಸಂತೆ ಹರಾಜು ನಡಾವಳಿ, ಸೆಸ್ ಜಮಾ ಮತ್ತು ವರ್ಗಾವಣೆ, ಜಮಾಬಂದಿ ವರದಿ, ಅರಿವು ಕೇಂದ್ರದ ಪುಸ್ತಕ ಖರೀದಿ...

ಅತ್ತೆ: ನಿಲ್ಲಿಸು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ನೀನು ಬರೆದಿರೋದಕ್ಕೆ ‘ಒಂದಕ್ಕಿಂತ ಹೆಚ್ಚು ವಿಷಯ’ ಅಂತ ಹಿಂಬರಹ ಕೊಟ್ಟು ಕೈ ತೊಳ್ಕೋತಾರೆ.

ಅಳಿಯ: ಐದೂ ಬೇಕಲ್ಲ ಅತ್ತೆ.

ಅತ್ತೆ: ಐದೂ ಬೇಕು, ಐದು ಅರ್ಜಿ ಹಾಕು. ಮೊದಲನೇದು ಗ್ರಂಥಾಲಯದ್ದು. ಹೋದ ಆರ್ಥಿಕ ವರ್ಷದಲ್ಲಿ ಗ್ರಂಥಾಲಯ ಕರ ಅಂತ ಎಷ್ಟು ವಸೂಲಾಯ್ತು, ಯಾವ ತಾರೀಖು ಯಾವ ಖಾತೆಗೆ ಹೋಯ್ತು, ಆ ಪುಟದ ದೃಢೀಕೃತ ನಕಲು. ಅಷ್ಟೇ. ಪುಟಕ್ಕೆ ಎರಡು ರೂಪಾಯಿ. ಬರೆದ್ಯಾ? ನಿಮ್ಮಪ್ಪನ ರಸೀದಿ ನಂಬರೂ ಕೆಳಗೆ ಹಾಕು.